28.50 ಡಾಲರ್ ರಿಯಾಯಿತಿ: ಯುದ್ಧದ ನಡುವೆ ಶೆಲ್ ಕಂಪನಿಗೆ ಬಿದ್ದ ಪೆಟ್ಟು

2022ರ ಮಾರ್ಚ್ 4, ಶುಕ್ರವಾರ. ಲಂಡನ್ನಿನಲ್ಲಿ ಸಂಜೆ ನಾಲ್ಕು ಗಂಟೆ. ಯುರೋಪಿನ ಕಚ್ಚಾತೈಲ ವ್ಯಾಪಾರಿಗಳಿಗೆ ಇದು ದಿನದ ಮುಖ್ಯ ಹೊತ್ತು. ಪ್ಲ್ಯಾಟ್ಸ್ ಅನ್ನೋ ದರ ನಿಗದಿ ಸಂಸ್ಥೆ ದಿನದ ಕೊನೆಯ ಈ ಅರ್ಧ ಗಂಟೆಯ ಕೊಡು-ಕೊಳ್ಳುವಿಕೆ ನೋಡಿ ಅವತ್ತಿನ ದರ ಹೇಳುತ್ತದೆ. ವ್ಯಾಪಾರಿಗಳು ಇದಕ್ಕೆ 'ವಿಂಡೋ' ಅಂತಾರೆ, ಅಂದರೆ ಕಿಟಕಿ. ಆ ಕಿಟಕಿಯಲ್ಲಿ ಯಾರು ಮಾರಲು ಬಂದರು, ಯಾರು ಕೊಂಡರು, ಎಷ್ಟಕ್ಕೆ ಕೊಂಡರು ಅನ್ನೋದೆಲ್ಲ ಹೆಸರು ಸಮೇತ ಪರದೆಯ ಮೇಲೆ ಕಾಣುತ್ತದೆ. ಗುಟ್ಟು ಅನ್ನೋದೇ ಇಲ್ಲ.

ಅವತ್ತು ಟ್ರಾಫಿಗುರಾ ಅನ್ನೋ ವ್ಯಾಪಾರಿ ಕಂಪನಿ ಒಂದು ಲಕ್ಷ ಟನ್ ರಷ್ಯಾದ ಉರಲ್ಸ್ ತೈಲವನ್ನು ಮಾರಾಟಕ್ಕೆ ಇಟ್ಟಿತ್ತು. ಸುಮಾರು 7 ಲಕ್ಷ 25 ಸಾವಿರ ಬ್ಯಾರೆಲ್, ಒಂದು ಹಡಗು ತುಂಬ. ರಷ್ಯಾ ಉಕ್ರೇನಿನ ಮೇಲೆ ನುಗ್ಗಿ ಎಂಟು ದಿನ ಆಗಿತ್ತು. ಅಷ್ಟರಲ್ಲಾಗಲೇ ರಷ್ಯಾದ ತೈಲ ಮುಟ್ಟಲು ಯುರೋಪಿನಲ್ಲಿ ಹೆಚ್ಚಿನವರು ಹಿಂಜರಿಯುತ್ತಿದ್ದರು. ಶೆಲ್ ಕೊಂಡಿತು. ಕಚ್ಚಾತೈಲದ ಬೆಲೆಗೆ ಅಳತೆಗೋಲಾದ ಉತ್ತರ ಸಮುದ್ರದ ಬ್ರೆಂಟ್ ತೈಲದ ದರಕ್ಕಿಂತ ಬ್ಯಾರೆಲ್ಲಿಗೆ 28 ಡಾಲರ್ 50 ಸೆಂಟ್ ಕಡಿಮೆಗೆ. ಯುದ್ಧಕ್ಕೆ ಮುಂಚೆ ಉರಲ್ಸ್ ತೈಲಕ್ಕೆ ಸಾಮಾನ್ಯವಾಗಿ ಒಂದೆರಡು ಡಾಲರ್ ರಿಯಾಯಿತಿ ಇರುತ್ತಿತ್ತು, ಅಷ್ಟೇ. ಇಷ್ಟು ದೊಡ್ಡ ರಿಯಾಯಿತಿಯನ್ನು ಆ ತೈಲ ಹಿಂದೆ ಕಂಡೇ ಇರಲಿಲ್ಲ.

ಕೈಲೆಕ್ಕ ಮಾಡಿದರೆ ಆ ಒಂದು ಹಡಗಿನಲ್ಲಿ ಉಳಿದದ್ದು ಎರಡು ಕೋಟಿ ಡಾಲರಿಗೂ ಸ್ವಲ್ಪ ಜಾಸ್ತಿ. ಅವತ್ತಿನ ರೂಪಾಯಿ ಬೆಲೆಯಲ್ಲಿ 150 ಕೋಟಿಗೂ ಮೇಲೆ. ನಮಗೆ ನಿಮಗೆ ಇದು ಊಹೆಗೂ ಸಿಗದ ದುಡ್ಡು. ಶೆಲ್‌ಗೆ? 2022ರ ಮೊದಲ ಮೂರು ತಿಂಗಳಲ್ಲಿ ಕಂಪನಿಯ ಲಾಭ 913 ಕೋಟಿ ಡಾಲರ್. ದಿನಕ್ಕೆ ಸುಮಾರು ಹತ್ತು ಕೋಟಿ ಡಾಲರ್. ಹಾಗೆ ನೋಡಿದರೆ ಈ ರಿಯಾಯಿತಿ ಐದು ಗಂಟೆಯ ಲಾಭಕ್ಕೆ ಸಮ. ಈ ಪ್ರಕರಣವನ್ನು ಇಷ್ಟು ವಿವರವಾಗಿ ಬರೆಯಬೇಕು ಅಂತ ನನಗೆ ಅನ್ನಿಸಿದ್ದೇ ಈ ಲೆಕ್ಕ ಹಾಕಿದಾಗ. ಐದು ಗಂಟೆಯ ಲಾಭಕ್ಕಾಗಿ ಒಂದು ಕಂಪನಿ ನೂರು ವರ್ಷಕ್ಕೂ ಹಳೆಯ ಹೆಸರನ್ನು ಬೀದಿಗೆ ತಂದುಕೊಂಡಿತು. ನಾಲ್ಕೇ ದಿನದಲ್ಲಿ ಕ್ಷಮೆ ಕೇಳಿತು.

ಚಿಪ್ಪಿನ ಹೆಸರು

ಶೆಲ್ ಅನ್ನೋ ಹೆಸರು ಹೇಗೆ ಬಂತು ಅಂತ ಒಂದು ನಿಮಿಷ ನೋಡೋಣ. ಲಂಡನ್ನಿನ ಸ್ಯಾಮ್ಯುಯೆಲ್ ಕುಟುಂಬದವರು ಮೊದಲು ಕಡಲಚಿಪ್ಪು, ಚಿಪ್ಪಿನ ಅಲಂಕಾರದ ಸಾಮಾನು ಮಾರುತ್ತಿದ್ದರು. ಮಗ ಮಾರ್ಕಸ್ ಸ್ಯಾಮ್ಯುಯೆಲ್ ತೈಲದ ವ್ಯಾಪಾರಕ್ಕೆ ಇಳಿದ. 1892ರಲ್ಲಿ ಅವನ ಮ್ಯೂರೆಕ್ಸ್ ಅನ್ನೋ ಟ್ಯಾಂಕರ್ ಹಡಗು ಸೂಯೆಜ್ ಕಾಲುವೆ ದಾಟಿ ಪೂರ್ವಕ್ಕೆ ಸೀಮೆಎಣ್ಣೆ ಸಾಗಿಸಿತು. ಮ್ಯೂರೆಕ್ಸ್ ಅನ್ನೋದು ಕೂಡ ಒಂದು ಜಾತಿಯ ಚಿಪ್ಪಿನ ಹೆಸರೇ. ಆ ಸೀಮೆಎಣ್ಣೆ ತುಂಬಿಕೊಂಡಿದ್ದು ಕಪ್ಪು ಸಮುದ್ರದ ಬಟೂಮಿ ಬಂದರಿನಲ್ಲಿ. ಆಗ ಬಟೂಮಿ ರಷ್ಯಾ ಸಾಮ್ರಾಜ್ಯದ ಊರು. ಅಂದರೆ ಈ ಕಂಪನಿಯ ಹುಟ್ಟಿನಲ್ಲೇ ರಷ್ಯಾದ ಎಣ್ಣೆ ಇದೆ. 1897ರಲ್ಲಿ ಶೆಲ್ ಅನ್ನೋ ಹೆಸರು ಕಂಪನಿಯದ್ದಾಯಿತು. 1907ರಲ್ಲಿ ರಾಯಲ್ ಡಚ್ ಜೊತೆ ಕೂಡಿಕೊಂಡಿತು.

ನಮ್ಮ ಕಡೆ ಹಿರಿಯರ ಬಾಯಲ್ಲಿ ಇದು 'ಬರ್ಮಾ ಶೆಲ್'. 1976ರಲ್ಲಿ ಸರ್ಕಾರ ಅದನ್ನು ವಹಿಸಿಕೊಂಡಿತು, ಮುಂದೆ ಅದೇ ಭಾರತ್ ಪೆಟ್ರೋಲಿಯಂ ಆಯಿತು. ಶೆಲ್ ಮತ್ತೆ ತನ್ನ ಸ್ವಂತ ಹೆಸರಿನಲ್ಲಿ ಬಂಕ್ ತೆರೆದುಕೊಂಡು ಬಂತು. ಈಗ ಬೆಂಗಳೂರಲ್ಲಿ ಕೆಂಪು ಅಂಚಿನ ಆ ಹಳದಿ ಚಿಪ್ಪು ಎಲ್ಲರಿಗೂ ಗೊತ್ತು. ಬೋರ್ಡ್ ಮೇಲೆ ಅಕ್ಷರ ಇಲ್ಲದಿದ್ದರೂ ಯಾರ ಬಂಕ್ ಅಂತ ಮಗು ಕೂಡ ಹೇಳುತ್ತದೆ. ಬ್ರ್ಯಾಂಡ್ ಅಂದರೆ ಅದೇ ಅಲ್ವಾ? ಹೆಸರು ಓದುವ ಮುಂಚೆಯೇ ಗುರುತು ಸಿಗುವುದು.

ಯುದ್ಧ ಶುರುವಾದಾಗ ಕಂಪನಿಯ ಹೆಸರಿಗೆ ಇನ್ನೊಂದು ಬದಲಾವಣೆ ಆಗಿ ತಿಂಗಳು ಕಳೆದಿತ್ತು ಅಷ್ಟೇ. 2022ರ ಜನವರಿಯಲ್ಲಿ ಕಂಪನಿ 'ರಾಯಲ್ ಡಚ್' ಅನ್ನೋ ಭಾಗ ಕೈಬಿಟ್ಟು ಬರೀ ಶೆಲ್ ಆಗಿತ್ತು. ನೆದರ್ಲೆಂಡ್ಸ್‌ನ ಹೇಗ್ ನಗರದಿಂದ ಮುಖ್ಯ ಕಚೇರಿ ಲಂಡನ್ನಿಗೆ ಹೋಗುತ್ತಿತ್ತು. ಹೊಸ ಮನೆಗೆ ಕಾಲಿಟ್ಟ ಹೊತ್ತಿನಲ್ಲೇ ಬಾಗಿಲಿಗೆ ಯುದ್ಧ ಬಂತು.

ಸೋಮವಾರ ಹೇಳಿದ್ದು

ಫೆಬ್ರವರಿ 24ರಂದು ಯುದ್ಧ ಶುರುವಾಯಿತು. ನಾಲ್ಕನೇ ದಿನ, 27ರ ಭಾನುವಾರ, ಬ್ರಿಟನ್ನಿನ ಬಿಪಿ ಕಂಪನಿ ರಷ್ಯಾದ ತೈಲ ಕಂಪನಿ ರೋಸ್‌ನೆಫ್ಟ್‌ನಲ್ಲಿದ್ದ ತನ್ನ ಶೇ 19.75 ಪಾಲು ಬಿಡುವುದಾಗಿ ಹೇಳಿತು. ಬಿಪಿ ಮುಖ್ಯಸ್ಥ ಬರ್ನಾರ್ಡ್ ಲೂನಿ ರೋಸ್‌ನೆಫ್ಟ್ ಆಡಳಿತ ಮಂಡಳಿಯಿಂದ ಅವತ್ತೇ ಹೊರಬಂದರು. ಈ ನಿರ್ಧಾರಕ್ಕೆ ಬಿಪಿ ತನ್ನ ಲೆಕ್ಕದಲ್ಲಿ ಬರೆದುಕೊಂಡ ನಷ್ಟ ಸುಮಾರು 2,500 ಕೋಟಿ ಡಾಲರ್. ಬ್ರಿಟಿಷ್ ಸರ್ಕಾರದ ಒತ್ತಡ ಇತ್ತು, ನಿಜ. ಆದರೂ ಮೂವತ್ತು ವರ್ಷದ ಸಂಬಂಧವನ್ನು ಒಂದು ಭಾನುವಾರ ಕಡಿದುಕೊಂಡರು. ತೈಲ ಲೋಕವೇ ಬೆಚ್ಚಿಬಿದ್ದಿತ್ತು.

ಮಾರನೇ ದಿನ, ಸೋಮವಾರ, ಶೆಲ್ ಸರದಿ. ರಷ್ಯಾದ ಅನಿಲ ಕಂಪನಿ ಗ್ಯಾಸ್‌ಪ್ರೋಮ್ ಜೊತೆಗಿದ್ದ ಪಾಲುದಾರಿಕೆಗಳಿಂದ ಹೊರಬರುತ್ತೇವೆ ಅಂತ ಹೇಳಿಕೆ ಕೊಟ್ಟಿತು. ಸಖಾಲಿನ್-2 ಅನಿಲ ಯೋಜನೆಯಲ್ಲಿ ಶೇ 27.5, ಸಲೀಮ್ ತೈಲ ಕ್ಷೇತ್ರದಲ್ಲಿ ಶೇ 50, ಜೊತೆಗೆ ನಾರ್ಡ್ ಸ್ಟ್ರೀಮ್-2 ಕೊಳವೆ ಮಾರ್ಗಕ್ಕೆ ಹಾಕಿದ್ದ ಹಣ. ಮುಖ್ಯಸ್ಥ ಬೆನ್ ವಾನ್ ಬ್ಯೂರ್ಡನ್ ಗಟ್ಟಿಯಾಗಿಯೇ ಮಾತಾಡಿದರು. ಉಕ್ರೇನಿನಲ್ಲಿ ಜೀವ ಹೋಗುತ್ತಿರುವುದು ನೋಡಿ ಆಘಾತವಾಗಿದೆ, ಇದು ಅರ್ಥವಿಲ್ಲದ ಸೈನಿಕ ಆಕ್ರಮಣ ಅಂದರು. ಆ ಮಾತಿನಲ್ಲಿ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಏನೂ ಇರಲಿಲ್ಲ.

ಮಾರನೇ ದಿನ ಮಾರ್ಚ್ 1. ನಮ್ಮ ಕರ್ನಾಟಕದ ಒಬ್ಬ ವೈದ್ಯಕೀಯ ವಿದ್ಯಾರ್ಥಿ ಖಾರ್ಕಿವ್‌ನಲ್ಲಿ ಪ್ರಾಣ ಕಳೆದುಕೊಂಡ. ಊಟದ ಸಾಮಾನು ತರಲು ಹೊರಗೆ ಹೋದ ಹುಡುಗ. ಅಲ್ಲಿವರೆಗೂ ಟಿವಿಯಲ್ಲಿದ್ದ ಯುದ್ಧ ಅವತ್ತು ನಮ್ಮ ಮನೆಯೊಳಗೆ ಬಂತು. ಆ ವಾರ ಇಲ್ಲಿ ಯಾರೂ ತೈಲದ ಬಗ್ಗೆ ಯೋಚಿಸುತ್ತಿರಲಿಲ್ಲ. ಮಕ್ಕಳು ಗಡಿ ದಾಟಿದರಾ, ರೈಲು ಸಿಕ್ಕಿತಾ, ವಿಮಾನ ಹತ್ತಿದರಾ, ಇದೇ ಮಾತು. ಈ ತೈಲದ ಕಥೆ ಓದುವಾಗ ಆ ದಿನಗಳು ನೆನಪಿರಲಿ ಅಂತ ಹೇಳುತ್ತಿದ್ದೇನೆ. ಶೆಲ್ ಆ ಹಡಗು ಕೊಂಡಿದ್ದು ಅದೇ ವಾರದ ಶುಕ್ರವಾರ.

ಶುಕ್ರವಾರ ಮಾಡಿದ್ದು

ಕಾನೂನಿನ ಪ್ರಕಾರ ಶೆಲ್ ಏನೂ ತಪ್ಪು ಮಾಡಿರಲಿಲ್ಲ. ಇದನ್ನು ಮೊದಲೇ ಒಪ್ಪಿಕೊಳ್ಳಬೇಕು. ಆಗ ಯುರೋಪಿನ ನಿರ್ಬಂಧಗಳು ರಷ್ಯಾದ ಬ್ಯಾಂಕುಗಳ ಮೇಲೆ, ಶ್ರೀಮಂತರ ಮೇಲೆ ಇದ್ದವು. ತೈಲವನ್ನು ಬೇಕಂತಲೇ ಹೊರಗಿಟ್ಟಿದ್ದರು. ಸಮುದ್ರದ ಮೂಲಕ ಬರುವ ರಷ್ಯಾದ ಕಚ್ಚಾತೈಲಕ್ಕೆ ಯುರೋಪಿಯನ್ ಒಕ್ಕೂಟದ ನಿಷೇಧ ಜಾರಿಗೆ ಬಂದಿದ್ದು ಅದೇ ವರ್ಷದ ಡಿಸೆಂಬರ್ 5ಕ್ಕೆ. ಒಂಬತ್ತು ತಿಂಗಳು ಆದಮೇಲೆ. ಅಲ್ಲಿವರೆಗೂ ಯುರೋಪಿನ ಎಷ್ಟೋ ಸಂಸ್ಕರಣಾಗಾರಗಳು ರಷ್ಯಾದ ತೈಲದಿಂದಲೇ ಡೀಸೆಲ್ ಮಾಡುತ್ತಿದ್ದವು. ಜರ್ಮನಿಯ ಶ್ವೆಟ್ ಸಂಸ್ಕರಣಾಗಾರಕ್ಕೆ ರಷ್ಯಾದಿಂದ ನೇರ ಕೊಳವೆಯಲ್ಲೇ ತೈಲ ಬರುತ್ತಿತ್ತು. ಅದರಲ್ಲಿ ಶೆಲ್‌ಗೆ ಶೇ 37.5 ಪಾಲಿತ್ತು, ರೋಸ್‌ನೆಫ್ಟ್‌ಗೆ ಅದಕ್ಕಿಂತ ಜಾಸ್ತಿ.

ಹಾಗಾದರೆ ಈ ಒಂದು ಹಡಗಿಗೆ ಯಾಕೆ ಅಷ್ಟು ಗಲಾಟೆ? ಕೊಳವೆಯಲ್ಲಿ ಬರುವ ತೈಲ ಹಳೇ ಒಪ್ಪಂದದ್ದು, ಅದನ್ನು ಯಾರೂ ನೋಡುವುದಿಲ್ಲ. ಈ ಹಡಗು ಹಾಗಲ್ಲ. ಅವತ್ತೇ ಕಣ್ಣು ಬಿಟ್ಟುಕೊಂಡು, ದರ ನೋಡಿ, ಎಲ್ಲರ ಎದುರು ಕೊಂಡಿದ್ದು. ಬೇಡ ಅನ್ನಲು ಅವಕಾಶ ಇತ್ತು. ಬೇರೆಯವರು ಬೇಡ ಅಂದಿದ್ದಕ್ಕೇ ದರ ಅಷ್ಟು ಇಳಿದಿತ್ತು. 28.50 ಡಾಲರ್ ಅನ್ನೋ ಅಂಕಿಯೇ ಜನರ ಕಣ್ಣಿಗೆ ಚುಚ್ಚಿತು. ಸಂತೆಯಲ್ಲಿ ಕದ್ದ ಮಾಲು ಅಂತ ಅನುಮಾನ ಬಂದರೆ ಬೆಲೆ ಬಿದ್ದುಹೋಗುತ್ತದೆ, ಆಗ ಕೊಂಡವನ ಮೇಲೆ ಎಲ್ಲರ ಕಣ್ಣು ಬೀಳುತ್ತದೆ. ಇಲ್ಲೂ ಹಾಗೇ ಆಯಿತು.

ಶನಿವಾರ ಉಕ್ರೇನಿನ ವಿದೇಶಾಂಗ ಸಚಿವ ಡಿಮಿಟ್ರೊ ಕುಲೇಬಾ ಟ್ವೀಟ್ ಮಾಡಿದರು. ನಿನ್ನೆ ಶೆಲ್ ಸದ್ದಿಲ್ಲದೆ ರಷ್ಯಾದ ತೈಲ ಕೊಂಡಿದೆ ಅಂತ ಕೇಳಿದೆ. ಒಂದೇ ಪ್ರಶ್ನೆ: ಆ ತೈಲದಲ್ಲಿ ನಿಮಗೆ ಉಕ್ರೇನಿನವರ ರಕ್ತದ ವಾಸನೆ ಬರುವುದಿಲ್ಲವೇ? ಇದು ಅವರ ಮಾತಿನ ಸಾರ. ಅಷ್ಟೇ. ಅದರಲ್ಲಿ ಬ್ರೆಂಟ್ ಇಲ್ಲ, ಟನ್ ಇಲ್ಲ, ಒಪ್ಪಂದದ ವಿವರ ಇಲ್ಲ. ಪೆಟ್ರೋಲಿಗೆ ವಾಸನೆ ಇದೆ ಅಂತ ಎಲ್ಲರಿಗೂ ಗೊತ್ತು. ಬಂಕಿನಲ್ಲಿ ನಿಂತ ಪ್ರತಿಯೊಬ್ಬನ ಮೂಗಿಗೆ ತಾಗುವ ಮಾತು ಅದು. ತೈಲ ಕಂಪನಿಯೊಂದರ ವಿರುದ್ಧ ಇದಕ್ಕಿಂತ ನೇರವಾಗಿ ನಾಟುವ ಮಾತನ್ನು ನಾನು ಓದಿಲ್ಲ.

ಶನಿವಾರವೇ ಶೆಲ್ ಉತ್ತರ ಕೊಟ್ಟಿತು. ನನ್ನ ಪ್ರಕಾರ ನಿಜವಾದ ಎಡವಟ್ಟು ಆಗಿದ್ದು ಇಲ್ಲಿ, ಖರೀದಿಯಲ್ಲಿ ಅಲ್ಲ. ಆ ಹೇಳಿಕೆಯಲ್ಲಿ ಮೂರು ಮಾತಿದ್ದವು. ಇದು ಕಷ್ಟದ ನಿರ್ಧಾರವಾಗಿತ್ತು ಅನ್ನೋದು ಒಂದು. ಸರ್ಕಾರಗಳ ಜೊತೆ ಮಾತಾಡುತ್ತಲೇ ಇದ್ದೇವೆ, ಜನರಿಗೆ ಇಂಧನ ನಿಲ್ಲದೆ ಸಿಗಬೇಕು, ರಷ್ಯಾದ ತೈಲ ಬಿಡುವುದು ರಾತ್ರೋರಾತ್ರಿ ಆಗುವ ಕೆಲಸ ಅಲ್ಲ ಅನ್ನೋದು ಇನ್ನೊಂದು. ರಷ್ಯಾದ ತೈಲದಿಂದ ಬರುವ ಲಾಭವನ್ನು ಒಂದು ನಿಧಿಗೆ ಹಾಕಿ ಉಕ್ರೇನಿನ ಜನರ ನೆರವಿಗೆ ಕೊಡುತ್ತೇವೆ ಅನ್ನೋದು ಮೂರನೆಯದು.

ಮೊದಲ ಎರಡು ಮಾತನ್ನು ಒಪ್ಪಬಹುದು. ಆ ದಿನಗಳಲ್ಲಿ ಯುರೋಪಿನಲ್ಲಿ ಡೀಸೆಲ್ ಅಭಾವದ ಭಯ ನಿಜವಾಗಿಯೂ ಇತ್ತು. ಆಸ್ಪತ್ರೆಗೂ ಡೀಸೆಲ್ ಬೇಕು, ಹಾಲಿನ ಲಾರಿಗೂ ಬೇಕು. ಆದರೆ ಮೂರನೇ ಮಾತು ಮೊದಲ ಎರಡನ್ನೂ ಕೆಡಿಸಿತು. ತಪ್ಪು ಮಾಡಿಲ್ಲ ಅಂದರೆ ಲಾಭ ಯಾಕೆ ದಾನ ಕೊಡಬೇಕು? ತಪ್ಪು ಅಂತ ಗೊತ್ತಿದ್ದರೆ ಯಾಕೆ ಕೊಳ್ಳಬೇಕು? ಓದಿದವರ ಮನಸ್ಸಿಗೆ ಬರುವ ಪ್ರಶ್ನೆ ಇದು. ಲಾಭ ಮೈಲಿಗೆ ಅಂತ ಕಂಪನಿಯೇ ಒಪ್ಪಿಕೊಂಡ ಹಾಗಾಯಿತು. ಮನೆ ಉರಿಯುತ್ತಿರುವಾಗ ಬೆಂಕಿಗೆ ಸೌದೆ ಮಾರಿದವನ ಹತ್ತಿರ ಕೊಂಡು, ಉಳಿದ ದುಡ್ಡಲ್ಲಿ ಸುಟ್ಟವರಿಗೆ ಮುಲಾಮು ಕೊಡಿಸುತ್ತೇನೆ ಅಂದರೆ ಯಾರಿಗೆ ಸಮಾಧಾನ ಆಗುತ್ತದೆ?

ಇನ್ನೊಂದು ವಿಷಯ ಇದೆ. ಇಂಥ ಕಂಪನಿಗಳಲ್ಲಿ ಹೇಳಿಕೆ ಬರೆಯುವವರು ಬೇರೆ, ಹಡಗು ಕೊಳ್ಳುವವರು ಬೇರೆ. ವ್ಯಾಪಾರಿ ಮೇಜಿನ ಮುಂದೆ ಕೂತವನ ಕೆಲಸ ಸಂಸ್ಕರಣಾಗಾರಕ್ಕೆ ಕಡಿಮೆ ಬೆಲೆಯಲ್ಲಿ ತೈಲ ತರುವುದು. ಅವನ ದೃಷ್ಟಿಯಲ್ಲಿ ಆ ಶುಕ್ರವಾರದ ಖರೀದಿ ಬಹಳ ಒಳ್ಳೆಯದೇ. ಮುಖ್ಯಸ್ಥರು ಸೋಮವಾರ ಏನು ಹೇಳಿದರು ಅನ್ನೋದು ಅವನ ಪರದೆಯ ಮೇಲೆ ಬರುವುದಿಲ್ಲ. ಹೊರಗಿನ ಜನಕ್ಕೆ ಈ ಒಳಮನೆಯ ಗೋಡೆಗಳು ಕಾಣುವುದಿಲ್ಲ. ಅವರಿಗೆ ಕಾಣುವುದು ಒಂದೇ ಚಿಪ್ಪು. ಸೋಮವಾರ ಆಘಾತ ಆಗಿದೆ ಅಂದದ್ದೂ ಅದೇ ಚಿಪ್ಪು, ಶುಕ್ರವಾರ ರಿಯಾಯಿತಿಗೆ ಕೊಂಡದ್ದೂ ಅದೇ ಚಿಪ್ಪು.

ಮಂಗಳವಾರ, ಮಾರ್ಚ್ 8. ಶೆಲ್ ಕ್ಷಮೆ ಕೇಳಿತು. ಕಳೆದ ವಾರದ ನಮ್ಮ ಖರೀದಿ ಸರಿಯಾದ ನಿರ್ಧಾರ ಆಗಿರಲಿಲ್ಲ, ಕ್ಷಮಿಸಿ ಅಂತ ಮುಖ್ಯಸ್ಥರ ಹೆಸರಿನಲ್ಲೇ ಬಂತು. ರಷ್ಯಾದ ಕಚ್ಚಾತೈಲವನ್ನು ದೀರ್ಘಾವಧಿ ಒಪ್ಪಂದವಿಲ್ಲದೆ ಬಿಡಿಬಿಡಿಯಾಗಿ ಕೊಳ್ಳುವುದನ್ನು ತಕ್ಷಣ ನಿಲ್ಲಿಸುತ್ತೇವೆ, ತೈಲ, ಅನಿಲ, ದ್ರವ ಅನಿಲ (ಎಲ್‌ಎನ್‌ಜಿ) ಎಲ್ಲದರಿಂದ ಹಂತ ಹಂತವಾಗಿ ಹೊರಬರುತ್ತೇವೆ, ರಷ್ಯಾದಲ್ಲಿರುವ ನಮ್ಮ ಬಂಕ್, ವಿಮಾನ ಇಂಧನ, ಲೂಬ್ರಿಕೆಂಟ್ ವ್ಯವಹಾರ ಮುಚ್ಚುತ್ತೇವೆ ಅಂತಲೂ ಹೇಳಿತು. ಅದೇ ದಿನ ಅಮೆರಿಕದ ಅಧ್ಯಕ್ಷ ಬೈಡನ್ ರಷ್ಯಾದ ತೈಲದ ಆಮದು ನಿಷೇಧಿಸಿದರು. ಬ್ರಿಟನ್ ವರ್ಷದ ಕೊನೆಯೊಳಗೆ ನಿಲ್ಲಿಸುವುದಾಗಿ ಹೇಳಿತು.

ದೊಡ್ಡ ಕಂಪನಿಗಳ ಕ್ಷಮೆ ಹೇಗಿರುತ್ತದೆ ಅಂತ ನಮಗೆಲ್ಲ ಗೊತ್ತು. 'ಯಾರಿಗಾದರೂ ನೋವಾಗಿದ್ದರೆ' ಅನ್ನೋ ಥರ. ಇದು ಹಾಗಿರಲಿಲ್ಲ. ನಿರ್ಧಾರವೇ ತಪ್ಪು ಅಂತ ಒಪ್ಪಿಕೊಂಡಿತು. ಅದು ಈ ಇಡೀ ಪ್ರಕರಣದಲ್ಲಿ ಶೆಲ್ ಮಾಡಿದ ಒಳ್ಳೆಯ ಕೆಲಸ ಅಂತ ನಾನು ನಂಬಿದ್ದೇನೆ. ಆದರೆ ಅದೇ ಹೇಳಿಕೆಯಲ್ಲಿ ಸರ್ಕಾರಗಳ ಕಡೆಗೂ ಒಂದು ಮಾತಿತ್ತು. ರಷ್ಯಾದ ಮೇಲೆ ಒತ್ತಡ ಹಾಕಬೇಕು, ಯುರೋಪಿಗೆ ಇಂಧನವೂ ನಿಲ್ಲಬಾರದು, ಈ ಎರಡರ ನಡುವಿನ ಇಕ್ಕಟ್ಟು ನಮ್ಮೊಬ್ಬರದ್ದಲ್ಲ, ತೀರ್ಮಾನ ಸರ್ಕಾರಗಳು ಮಾಡಬೇಕು ಅನ್ನೋ ಅರ್ಥದ್ದು. ಅದೂ ನ್ಯಾಯವಾದ ಮಾತೇ.

ಮಾರಿದವರ ಹೆಸರು ಯಾರಿಗೆ ನೆನಪಿದೆ?

ಈಗ ನನಗೆ ಬಹಳ ಮುಖ್ಯ ಅನ್ನಿಸುವ ಭಾಗಕ್ಕೆ ಬರುತ್ತೇನೆ. ಆ ವಾರ ಸಾಮಾಜಿಕ ಜಾಲತಾಣಗಳಲ್ಲಿ ಬೈಗುಳ ತಿಂದಿದ್ದು ಶೆಲ್. ಮಾರಿದ್ದು ಟ್ರಾಫಿಗುರಾ. ಆ ಹೆಸರಿನ ಮೇಲೆ ಅದರ ಹತ್ತರಲ್ಲಿ ಒಂದು ಪಾಲು ಸಿಟ್ಟೂ ಬೀಳಲಿಲ್ಲ. ಯಾಕೆ? ಟ್ರಾಫಿಗುರಾ ಅನ್ನೋ ಬೋರ್ಡ್ ಇರುವ ಬಂಕನ್ನು ನೀವು ನೋಡಿದ್ದೀರಾ? ನಾನೂ ನೋಡಿಲ್ಲ. ಜಗತ್ತಿನ ಅತಿ ದೊಡ್ಡ ತೈಲ ವ್ಯಾಪಾರಿಗಳಲ್ಲಿ ಅದೂ ಒಂದು. ವಿಟೋಲ್, ಗನ್ವೋರ್ ಇನ್ನೆರಡು ಹೆಸರು. ಇವರ ವ್ಯವಹಾರ ಲೆಕ್ಕಕ್ಕೆ ಸಿಗದಷ್ಟು ದೊಡ್ಡದು. ಆದರೆ ಆ ಹೆಸರು ಹೊತ್ತ ಪಂಪಿನ ಮುಂದೆ ಯಾರೂ ಬೈಕ್ ನಿಲ್ಲಿಸುವುದಿಲ್ಲ. ಹಾಗಾಗಿ ಬಹಿಷ್ಕಾರ ಹಾಕೋಣ ಅಂದರೂ ಹಾಕುವುದು ಎಲ್ಲಿ?

ಬ್ರ್ಯಾಂಡ್ ಅನ್ನೋದು ಕಂಪನಿಗೆ ಆಸ್ತಿ ಅಂತ ಎಲ್ಲರೂ ಹೇಳುತ್ತಾರೆ. ಯುದ್ಧದ ಹೊತ್ತಿನಲ್ಲಿ ಅದು ಜನ ಹಿಡಿದುಕೊಳ್ಳಬಹುದಾದ ಜುಟ್ಟು ಕೂಡ ಆಗುತ್ತದೆ. ಬೋರ್ಡ್ ಇದ್ದವನನ್ನು ಕೇಳಬಹುದು. ಬೋರ್ಡ್ ಇಲ್ಲದವನನ್ನು ಕೇಳಲು ವಿಳಾಸವೇ ಇಲ್ಲ. ಶೆಲ್ ವಿಷಯದಲ್ಲಿ ಜನರ ಸಿಟ್ಟು ಸರಿಯಾಗಿಯೇ ಇತ್ತು. ಆದರೆ ಅದು ಅರ್ಧ ದಾರಿಗೆ ನಿಂತಿತು ಅನ್ನೋ ಬೇಜಾರು ನನಗಿದೆ.

ಫ್ರಾನ್ಸಿನ ಟೋಟಲ್‌ಎನರ್ಜೀಸ್ ಇನ್ನೊಂದು ದಾರಿ ಹಿಡಿಯಿತು. ಆರಂಭದಲ್ಲಿ ಹೊರಬರುತ್ತೇವೆ ಅಂತ ಹೇಳಲೇ ಇಲ್ಲ. ಹೊಸ ಬಂಡವಾಳ ಹಾಕುವುದಿಲ್ಲ ಅಂತ ಮಾತ್ರ ಹೇಳಿತು. ಯಮಾಲ್ ಅನಿಲ ಯೋಜನೆಯ ಪಾಲು ಇಟ್ಟುಕೊಂಡಿತು. ತಿಂಗಳುಗಟ್ಟಲೆ ಟೀಕೆ ಕೇಳಿತು, ಆದರೆ ಶೆಲ್‌ಗೆ ಆದ ಹಾಗೆ ಒಂದೇ ಏಟಿಗೆ ಮುಖಭಂಗ ಆಗಲಿಲ್ಲ. ಕಡಿಮೆ ಹೇಳಿದವರಿಗೆ ಕಡಿಮೆ ಪೆಟ್ಟು. ಇದನ್ನು ಬರೆಯಲು ನನಗೆ ಇಷ್ಟವಿಲ್ಲ. ಒಳ್ಳೆಯ ಮಾತು ಆಡಿದವರಿಗೇ ಹೆಚ್ಚು ಶಿಕ್ಷೆ ಆದರೆ ಮುಂದಿನ ಸಲ ಎಲ್ಲರೂ ಬಾಯಿ ಮುಚ್ಚಿಕೊಂಡಿರುತ್ತಾರಲ್ಲ.

ಮಾರ್ಚ್ ಮುಗಿದ ಮೇಲೂ ಶೆಲ್ ಕಷ್ಟ ಮುಗಿಯಲಿಲ್ಲ. 'ರಷ್ಯಾದ ತೈಲ' ಅಂದರೆ ಯಾವುದು ಅನ್ನೋ ಪ್ರಶ್ನೆ ಎದ್ದಿತು. ಕಂಪನಿಯ ವ್ಯಾಪಾರದ ಷರತ್ತುಗಳಲ್ಲಿ ಒಂದು ಸಾಲು ಇತ್ತು. ಮಾಲಿನಲ್ಲಿ ಅರ್ಧ ಅಥವಾ ಅದಕ್ಕಿಂತ ಜಾಸ್ತಿ ರಷ್ಯಾದ್ದು ಇದ್ದರೆ ಮಾತ್ರ ಅದು ರಷ್ಯಾದ್ದು. ಅಂದರೆ ಡೀಸೆಲ್‌ನಲ್ಲಿ ಶೇ 49.99 ರಷ್ಯಾದ್ದು ಬೆರೆತಿದ್ದರೂ ನಡೆಯುತ್ತದೆ. ಹಾಲಿಗೆ ಅರ್ಧಕ್ಕಿಂತ ಒಂದು ಚಮಚ ಕಡಿಮೆ ನೀರು ಬೆರೆಸಿ ಇದು ಹಾಲೇ ಅನ್ನುವ ಲೆಕ್ಕ. ಇದು ಪತ್ರಿಕೆಗಳಲ್ಲಿ ಬಂತು, ಮತ್ತೆ ಟೀಕೆ ಶುರುವಾಯಿತು. ಏಪ್ರಿಲ್ ಕೊನೆಗೆ ಶೆಲ್ ಷರತ್ತು ಬಿಗಿ ಮಾಡಿತು. ರಷ್ಯಾದ ಅಂಶ ಸ್ವಲ್ಪವೇ ಬೆರೆತಿದ್ದರೂ ಅಂಥ ಸಂಸ್ಕರಿಸಿದ ಇಂಧನ ತೆಗೆದುಕೊಳ್ಳುವುದಿಲ್ಲ ಅಂದಿತು. ಈ ಸಲ ಟ್ವೀಟ್ ಮಾಡಿದ ಸಚಿವರಿಲ್ಲ, ರಕ್ತದ ಮಾತಿಲ್ಲ. ಒಪ್ಪಂದದ ಸಣ್ಣ ಅಕ್ಷರವನ್ನು ಯಾರೋ ಕೂತು ಓದಿದ್ದರು, ಅಷ್ಟೇ. ಆ ಓದುವಿಕೆಗೆ ನನ್ನ ನಮಸ್ಕಾರ.

1942ರ ಒಂದು ನೆನಪು

ಇದು ಹೊಸ ಕಥೆಯೇನಲ್ಲ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದ ಸ್ಟ್ಯಾಂಡರ್ಡ್ ಆಯಿಲ್ ಆಫ್ ನ್ಯೂಜೆರ್ಸಿಗೂ ಇಂಥದ್ದೇ ಗತಿ ಬಂದಿತ್ತು. ಎಸ್ಸೋ ಅನ್ನೋ ಬೋರ್ಡಿನ ಕಂಪನಿ ಅದು, ಇವತ್ತಿನ ಎಕ್ಸಾನ್‌ಮೊಬಿಲ್‌ನ ಪೂರ್ವಜ. ಯುದ್ಧಕ್ಕೆ ಮುಂಚೆ ಜರ್ಮನಿಯ ರಾಸಾಯನಿಕ ಕಂಪನಿ ಐ.ಜಿ. ಫಾರ್ಬೆನ್ ಜೊತೆ ಪೇಟೆಂಟ್ ಹಂಚಿಕೊಳ್ಳುವ ಒಪ್ಪಂದ ಮಾಡಿಕೊಂಡಿತ್ತು. ಜಪಾನ್ ಏಷ್ಯಾದ ರಬ್ಬರ್ ತೋಟಗಳನ್ನು ಹಿಡಿದ ಮೇಲೆ ಅಮೆರಿಕದಲ್ಲಿ ಟೈರಿಗೆ ರಬ್ಬರ್ ಇಲ್ಲ. ಆಗ ಕೃತಕ ರಬ್ಬರ್ ತಡವಾಗಲು ಈ ಒಪ್ಪಂದವೇ ಕಾರಣ ಅನ್ನೋ ಆರೋಪ ಬಂತು. 1942ರ ಮಾರ್ಚ್‌ನಲ್ಲಿ ಸೆನೆಟರ್ ಟ್ರೂಮನ್ ಸಮಿತಿಯ ಮುಂದೆ ಸಾರ್ವಜನಿಕ ವಿಚಾರಣೆ ನಡೆಯಿತು. ಕಂಪನಿ ಕಟ್ಟಿದ ದಂಡ ಬರೀ 50,000 ಡಾಲರ್. ಹೆಸರಿಗೆ ಆದ ನಷ್ಟಕ್ಕೆ ಅಳತೆ ಇರಲಿಲ್ಲ. ಮುಖ್ಯಸ್ಥ ವಾಲ್ಟರ್ ಟೀಗಲ್ ಅದೇ ವರ್ಷ ಹುದ್ದೆ ಬಿಟ್ಟರು.

ಆಮೇಲೆ ಕಂಪನಿ ಏನು ಮಾಡಿತು ಗೊತ್ತಾ? ಜನರ ಅಭಿಪ್ರಾಯ ಏನು ಅಂತ ಸಮೀಕ್ಷೆ ಮಾಡಿಸಿತು. ಫಲಿತಾಂಶ ಕೆಟ್ಟದಾಗಿತ್ತು. 1943ರಲ್ಲಿ ರಾಯ್ ಸ್ಟ್ರೈಕರ್ ಅನ್ನುವವರನ್ನು ಕೆಲಸಕ್ಕೆ ಕರೆಯಿತು. ಅಮೆರಿಕದ ಬಡ ರೈತರ ಬದುಕನ್ನು ಸರ್ಕಾರಕ್ಕಾಗಿ ಫೋಟೋಗಳಲ್ಲಿ ದಾಖಲಿಸುವ ಕೆಲಸ ನಡೆಸಿದವರು ಅವರು. ಈಗ ತೈಲ ಬಾವಿಯ ಕೆಲಸಗಾರ, ಬಂಕಿನ ಹುಡುಗ, ಕೊಳವೆ ಹಾಕುವವರು, ಅವರ ಊರು, ಅವರ ಮನೆ, ಇವೆಲ್ಲದರ ಸಾವಿರಾರು ಫೋಟೋ ತೆಗೆಸಿದರು. ಆ ಫೋಟೋಗಳು ಸುಂದರವಾಗಿವೆ. ಅವುಗಳಲ್ಲಿರುವ ಜನರು ನಿಜವಾದವರು, ಅವರ ದುಡಿಮೆಯೂ ನಿಜ. ಆದರೆ ಒಪ್ಪಂದಕ್ಕೆ ಸಹಿ ಹಾಕಿದವರು ಅವರಲ್ಲ. ಕಂಪನಿಯ ಹೆಸರು ಕೆಟ್ಟಾಗ ಅದರ ಅತಿ ಕೆಳಗಿನ ಕೆಲಸಗಾರನ ಮುಖವನ್ನು ಮುಂದೆ ನಿಲ್ಲಿಸುವುದು ಅವತ್ತಿನಿಂದಲೂ ನಡೆದು ಬಂದ ರೂಢಿ. ಶೆಲ್ ಬಂಕಿನಲ್ಲಿ ಪೆಟ್ರೋಲ್ ಹಾಕುವ ಹುಡುಗನಿಗೂ ಉರಲ್ಸ್ ಹಡಗಿಗೂ ಏನು ಸಂಬಂಧ ಹೇಳಿ.

ಮಂಗಳೂರಿಗೂ ಬಂದ ಉರಲ್ಸ್

ಶೆಲ್ ಕೈಬಿಟ್ಟ ತೈಲ ಎಲ್ಲಿಗೆ ಹೋಯಿತು? ಸಮುದ್ರಕ್ಕಂತೂ ಸುರಿಯಲಿಲ್ಲ. ಪೂರ್ವಕ್ಕೆ ಬಂತು. ಅದೇ ಮಾರ್ಚ್ ತಿಂಗಳಲ್ಲಿ ಇಂಡಿಯನ್ ಆಯಿಲ್ 30 ಲಕ್ಷ ಬ್ಯಾರೆಲ್ ಕೊಂಡಿತು, ಹಿಂದೂಸ್ತಾನ್ ಪೆಟ್ರೋಲಿಯಂ 20 ಲಕ್ಷ. ನಮ್ಮ ಮಂಗಳೂರಿನ ಎಂಆರ್‌ಪಿಎಲ್ 10 ಲಕ್ಷ ಬ್ಯಾರೆಲ್ ಉರಲ್ಸ್ ಕೊಂಡಿತು. ಯುದ್ಧಕ್ಕೆ ಮುಂಚೆ ಭಾರತದ ಆಮದಿನಲ್ಲಿ ರಷ್ಯಾದ ತೈಲ ಶೇ 2ಕ್ಕಿಂತ ಕಡಿಮೆ. 2023ರ ಹೊತ್ತಿಗೆ ಮೂರರಲ್ಲಿ ಒಂದು ಪಾಲು ದಾಟಿತು. ಹೆದ್ದಾರಿಯ ಬದಿಯ ನಯಾರಾ ಬಂಕುಗಳನ್ನು ನೋಡಿರುತ್ತೀರಿ. ಆ ಕಂಪನಿಯಲ್ಲಿ ರೋಸ್‌ನೆಫ್ಟ್‌ಗೆ ಶೇ 49.13 ಪಾಲು. ಬಿಪಿ ಭಾನುವಾರ ಬಿಟ್ಟುಬಂತಲ್ಲ, ಅದೇ ರೋಸ್‌ನೆಫ್ಟ್.

ರಷ್ಯಾದ ತೈಲ ಅಂತ ಇಲ್ಲಿ ಯಾವ ಬಂಕಿನ ಮುಂದೆಯೂ ಪ್ರತಿಭಟನೆ ಆಗಲಿಲ್ಲ. ಮಾರ್ಚ್ 22ರಿಂದ ಪೆಟ್ರೋಲ್ ಬೆಲೆ ದಿನಾ ಅನ್ನೋ ಹಾಗೆ 80 ಪೈಸೆ ಏರತೊಡಗಿದಾಗ ಜನ ಬೈದದ್ದು ಬೆಲೆಗೆ, ತೈಲದ ಊರಿಗಲ್ಲ. ಆಗಸ್ಟ್‌ನಲ್ಲಿ ಕುಲೇಬಾ ಭಾರತದ ಬಗ್ಗೆಯೂ ಅದೇ ಮಾತು ಹೇಳಿದರು. ಭಾರತಕ್ಕೆ ಸಿಗುವ ರಿಯಾಯಿತಿಯನ್ನು ಉಕ್ರೇನಿನವರು ರಕ್ತದಲ್ಲಿ ತೆರುತ್ತಿದ್ದಾರೆ ಅಂತ. ಶೆಲ್ ನಾಲ್ಕು ದಿನಕ್ಕೆ ಬಾಗಿತ್ತು. ಇಲ್ಲಿ ಏನೂ ಅಲುಗಾಡಲಿಲ್ಲ. ನಮ್ಮ ವಿದೇಶಾಂಗ ಸಚಿವ ಜೈಶಂಕರ್ ಏಪ್ರಿಲ್‌ನಲ್ಲೇ ವಾಷಿಂಗ್ಟನ್ನಿನಲ್ಲಿ ಹೇಳಿದ್ದರು. ನಾವು ತಿಂಗಳಿಗೆ ಕೊಳ್ಳುವುದು ಯುರೋಪ್ ಒಂದು ಮಧ್ಯಾಹ್ನದಲ್ಲಿ ಕೊಳ್ಳುವುದಕ್ಕಿಂತ ಕಡಿಮೆ ಇರಬಹುದು ಅಂತ. ಅವತ್ತಿಗೆ ಆ ಮಾತಿನಲ್ಲಿ ಹುರುಳಿತ್ತು.

ನಮ್ಮ ಕಂಪನಿಗಳ ಹೆಸರಿಗೆ ಯಾಕೆ ಪೆಟ್ಟು ಬೀಳಲಿಲ್ಲ? ಅವು ಸೋಮವಾರದ ಹೇಳಿಕೆ ಕೊಟ್ಟಿರಲಿಲ್ಲ. ದೇಶವೂ ಯಾರ ಪಕ್ಷ ಅಂತ ಹೇಳಿರಲಿಲ್ಲ. ನಮ್ಮ ಮನಸ್ಸಿನಲ್ಲಿ ಇಂಡಿಯನ್ ಆಯಿಲ್ ಅನ್ನೋದು ಕಂಪನಿಗಿಂತ ಜಾಸ್ತಿ ಸರ್ಕಾರದ ಇಲಾಖೆಯ ಥರ. ಇಲ್ಲಿನ ಬಡವರಿಗೆ ಅಗ್ಗದ ಇಂಧನ ಬೇಕು ಅನ್ನೋದೂ ಸುಳ್ಳಲ್ಲ. ಆದರೂ ಖಾರ್ಕಿವ್‌ನಲ್ಲಿ ನಮ್ಮ ಹುಡುಗನನ್ನು ಕಳೆದುಕೊಂಡ ತಿಂಗಳಲ್ಲೇ ಮಂಗಳೂರಿನ ಹೆಸರಿನಲ್ಲಿ ಆ ತೈಲ ಬುಕ್ ಆಯಿತು. ಈ ಎರಡು ಸುದ್ದಿಯನ್ನು ಒಂದೇ ಪುಟದಲ್ಲಿಟ್ಟು ಮಾತಾಡಿದವರನ್ನು ನಾನು ಕಾಣಲಿಲ್ಲ. ನಾನೂ ಆಗ ಮಾತಾಡಲಿಲ್ಲ.

ಲೆಕ್ಕ, ಆಮೇಲೆ

ರಷ್ಯಾ ಬಿಟ್ಟಿದ್ದಕ್ಕೆ ಶೆಲ್ ಮೊದಲ ಮೂರು ತಿಂಗಳಲ್ಲಿ 390 ಕೋಟಿ ಡಾಲರ್ ನಷ್ಟ ಬರೆದುಕೊಂಡಿತು. ಅದೇ ಅವಧಿಯ ಲಾಭ 913 ಕೋಟಿ ಅಂತ ಮೇಲೆ ಹೇಳಿದೆ. ಯುದ್ಧದಿಂದ ತೈಲ, ಅನಿಲದ ಬೆಲೆ ಏರಿತ್ತು. ಇಡೀ 2022ರ ಲಾಭ 3,990 ಕೋಟಿ ಡಾಲರ್, ಕಂಪನಿಯ ಇತಿಹಾಸದಲ್ಲೇ ಅತಿ ಹೆಚ್ಚು. 2023ರ ಫೆಬ್ರವರಿ 2ರಂದು ಈ ಅಂಕಿ ಹೊರಬಂದಾಗ ಪರಿಸರ ಸಂಘಟನೆ ಗ್ರೀನ್‌ಪೀಸ್‌ನವರು ಲಂಡನ್ ಕಚೇರಿಯ ಎದುರು ಬಂಕಿನ ದರಫಲಕದಂಥ ದೊಡ್ಡ ಬೋರ್ಡ್ ನಿಲ್ಲಿಸಿದರು. ಪೆಟ್ರೋಲ್ ದರದ ಜಾಗದಲ್ಲಿ ಲಾಭದ ಮೊತ್ತ ಬರೆದಿದ್ದರು. ವರ್ಷದ ಹಿಂದೆ ರಷ್ಯಾದ ತೈಲಕ್ಕೆ ಬಂದ ಸಿಟ್ಟು ಈಗ ಮನೆ ಬಿಸಿ ಮಾಡುವ ಬಿಲ್ಲಿನ ಸಿಟ್ಟಾಗಿತ್ತು. ಬ್ರಿಟನ್ನಿನಲ್ಲಿ ಹೆಚ್ಚುವರಿ ಲಾಭಕ್ಕೆ ಅಷ್ಟರಲ್ಲಿ ತೆರಿಗೆಯೂ ಬಂದಿತ್ತು. ವಾನ್ ಬ್ಯೂರ್ಡನ್ ಅವರೇ 2022ರ ಅಕ್ಟೋಬರ್‌ನಲ್ಲಿ ಬಡವರನ್ನು ಕಾಪಾಡಲು ಇಂಧನ ಕಂಪನಿಗಳ ಮೇಲೆ ಸರ್ಕಾರಗಳು ತೆರಿಗೆ ಹಾಕಬೇಕಾಗಬಹುದು ಅಂದಿದ್ದರು.

ಕ್ಷಮೆಯ ಹೇಳಿಕೆಯಲ್ಲಿ ದ್ರವ ಅನಿಲದ ಮಾತೂ ಇತ್ತಲ್ಲ. ಅದು ಅಷ್ಟು ಬೇಗ ಮುಗಿಯಲಿಲ್ಲ. ಶೆಲ್ ಇನ್ನೂ ರಷ್ಯಾದ ದ್ರವ ಅನಿಲ ಸಾಗಿಸುತ್ತಿದೆ ಅಂತ 2023ರ ಜುಲೈನಲ್ಲಿ ಗ್ಲೋಬಲ್ ವಿಟ್ನೆಸ್ ಸಂಸ್ಥೆ ಬಯಲಿಗೆ ತಂದಿತು. ಹಳೇ ದೀರ್ಘಾವಧಿ ಒಪ್ಪಂದ ಇದೆ, ಮುರಿಯಲು ಆಗುವುದಿಲ್ಲ ಅಂತ ಕಂಪನಿ ಉತ್ತರ ಕೊಟ್ಟಿತು. ಹಡಗಿನ ಮೇಲೆ ಚಿಪ್ಪಿನ ಬೋರ್ಡ್ ಇರದಿದ್ದ ಕಾರಣವೋ ಏನೋ, ಈ ಸುದ್ದಿ 2022ರ ಮಾರ್ಚ್‌ನ ಆ ಒಂದು ಹಡಗಿನಷ್ಟು ಸದ್ದು ಮಾಡಲಿಲ್ಲ.

ರಷ್ಯಾದ ಬಂಕುಗಳನ್ನು ಶೆಲ್ ನಿಜಕ್ಕೂ ಬಿಟ್ಟಿತು. 2022ರ ಮೇ ತಿಂಗಳಲ್ಲಿ 411 ಬಂಕುಗಳನ್ನೂ, ಮಾಸ್ಕೋದಿಂದ 200 ಕಿಲೋಮೀಟರ್ ದೂರದ ತೊರ್ಜೋಕ್ ಊರಿನ ಲೂಬ್ರಿಕೆಂಟ್ ಕಾರ್ಖಾನೆಯನ್ನೂ ರಷ್ಯಾದ ಲುಕೋಯಿಲ್‌ಗೆ ಮಾರುವ ಒಪ್ಪಂದ ಆಯಿತು. ಲುಕೋಯಿಲ್ ಅಲ್ಲಿಗೆ ತನ್ನದೇ ಇನ್ನೊಂದು ಬ್ರ್ಯಾಂಡ್ ತಂದಿತು, ಫಿನ್ಲೆಂಡಿನ ಟೆಬಾಯಿಲ್. ಕೆಲಸಗಾರರು ಏಣಿ ಹಾಕಿ ಹಳದಿ ಚಿಪ್ಪು ಇಳಿಸಿದರು, ಟೆಬಾಯಿಲ್ ಬೋರ್ಡ್ ಏರಿಸಿದರು. ಪಂಪು ಹಳೇದೇ ಇತ್ತು, ನೆಲದಡಿಯ ಟ್ಯಾಂಕೂ ಹಳೇದೇ.